ಆ ಮಾತು ಎಷ್ಟನೇ ಪುಟದಲ್ಲಿದೆ?

"ಬಟ್ಟಲು ಸ್ವಲ್ಪ ಮೇಲೆ ಹಿಡಿ, ಪುಟ್ಟಿ," ಎನ್ನುತ್ತ ಅಂಗಡಿಯ ಎರಡನೇ ಕುರ್ಚಿಯಲ್ಲಿ ಕ್ಷೌರ ಮಾಡುವ ಮಾಮ ಅಪ್ಪನ ತಣ್ಣನೆಯ ಕೆನ್ನೆಗೆ ನೊರೆ ಹಚ್ಚಿದ. ಊರಿಗೆಲ್ಲ ಕ್ಷೌರ ಮಾಡಿದ ಮನುಷ್ಯ ಆಸ್ಪತ್ರೆಯಲ್ಲಿ ಗಡ್ಡ ಬಿಟ್ಟುಕೊಂಡೇ ತೀರಿಹೋಗಿದ್ದ. ಹಾಗೇ ಕಳಿಸಿಕೊಡಲು ಮಾಮನಿಗೆ ಮನಸ್ಸು ಒಪ್ಪಲಿಲ್ಲ. ಇಬ್ಬರೂ ಒಂದೇ ಕಟಿಂಗ್ ಅಂಗಡಿಯಲ್ಲಿ, ಒಂದೇ ಕನ್ನಡಿಯ ಮುಂದೆ ನಿಂತು ಮುದುಕರಾದವರು.

ಕತ್ತಿ ಗಲ್ಲಕ್ಕೆ ಇಳಿದಾಗ ಮಾಮ ಕೈ ತಡೆದ.

"ಒಂದು ಕೇಳ್ಲಾ? ನಿನ್ನ ಪುಸ್ತಕದಲ್ಲಿ ಆ ಮಾತು ಎಷ್ಟನೇ ಪುಟದಲ್ಲಿದೆ?"

"ಯಾವ ಮಾತು ಮಾಮ?"

"ಅದೇ, ಕತ್ತರಿ ತಪ್ಪಿದ್ರೆ ಗಿರಾಕಿ ಕನ್ನಡಿ ನೋಡೋ ಮುಂಚೆ ನಾವೇ ಹೇಳಿಬಿಡಬೇಕು ಅನ್ನೋದು. 'ನನ್ನ ಮಗಳು ಬರೆದಿದ್ದಾಳೆ' ಅಂತ ನಿಮ್ಮಪ್ಪ ಕುರ್ಚಿಗೆ ಬಂದವರಿಗೆಲ್ಲ ಹೇಳ್ತಿದ್ದ."

ಮಗಳು ತಬ್ಬಿಬ್ಬಾದಳು. ಅವಳು ಬರೆದ ಪುಸ್ತಕದಲ್ಲಿ ಅಂಥ ಮಾತೇ ಇರಲಿಲ್ಲ.

*

ಪುಸ್ತಕ ಅಚ್ಚಾಗಿ ಬಂದ ದಿನ ಅವಳು ನೇರ ಅಂಗಡಿಗೇ ಓಡಿದ್ದಳು. ಬಾಯಿಮಾತಿನಿಂದ ವ್ಯಾಪಾರ ಬೆಳೆಸುವುದು ಹೇಗೆ, ಮುಖವಾಡ ಹಾಕದೆ ನಾಲ್ಕು ಜನರನ್ನು ಮುನ್ನಡೆಸುವುದು ಹೇಗೆ ಎಂದು ದೊಡ್ಡ ದೊಡ್ಡ ಕಂಪನಿಗಳ ಉದಾಹರಣೆ ಕೊಟ್ಟು ಬರೆದದ್ದು. ಅಪ್ಪ ಕೈ ಒರೆಸಿಕೊಂಡು ಅದನ್ನು ಅಂಗೈಯಲ್ಲಿ ತೂಗಿ ನೋಡಿದ.

"ಪರವಾಗಿಲ್ಲ, ದಪ್ಪ ಇದೆ," ಎಂದು ಪೌಡರ್ ಡಬ್ಬಿಯ ಪಕ್ಕ ಇಟ್ಟ.

ಆಮೇಲೆ ಫೋನಿನಲ್ಲಿ "ಓದಿದ್ಯಾ ಅಪ್ಪಾ?" ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: "ಗಿರಾಕಿ ಬಂದ್ರು, ಇಡ್ತೀನಿ." ಕೊನೆಗೆ ಅವಳು ಕೇಳುವುದನ್ನೇ ಬಿಟ್ಟಳು. ಆದರೆ ಒಳಗೆ ನೋವಿತ್ತು.

*

ಕ್ಷೌರ ಮುಗಿದು ಅವಳು ಹೊರಬಂದಾಗ ಬಾಗಿಲಲ್ಲಿ ಹಿಟ್ಟಿನ ಗಿರಣಿಯವರು ಕಾದಿದ್ದರು. "ತಪ್ಪು ತಿಳ್ಕೋಬೇಡಮ್ಮ, ಇವತ್ತು ಕೇಳೋ ಮಾತಲ್ಲ. ಎರಡು ಸಲ ಓದಿದೆ, ಆ ಕತ್ತರಿ ಮಾತು ಸಿಗಲೇ ಇಲ್ಲ. ನಿಮ್ಮಪ್ಪನ್ನ ಕೇಳಿದ್ರೆ, 'ಸರಿಯಾಗಿ ಓದಿ' ಅಂತ ನಕ್ಕುಬಿಟ್ಟರು."

"ನೀವು ಪುಸ್ತಕ ಕೊಂಡ್ರಾ?"

"ಕತ್ತು ಅವರ ಕೈಯಲ್ಲಿತ್ತಲ್ಲಮ್ಮ, ಇಲ್ಲ ಅನ್ನೋಕಾಗುತ್ತಾ?"

ಸುತ್ತ ನಿಂತವರು ನಕ್ಕು, ಆಮೇಲೆ ಸಂದರ್ಭ ನೆನಪಾಗಿ ಸುಮ್ಮನಾದರು. ಅವರಲ್ಲಿ ಅನೇಕರು ಅದೇ ಕುರ್ಚಿಯಲ್ಲಿ ಸಿಕ್ಕಿಬಿದ್ದವರು. ಈ ಊರಲ್ಲಿ ಮಾತ್ರ ಪುಸ್ತಕ ಯಾಕಿಷ್ಟು ಖರ್ಚಾಗುತ್ತಿದೆ ಎಂದು ಪ್ರಕಾಶಕರು ತಲೆ ಕೆರೆದುಕೊಂಡಿದ್ದು ಅವಳಿಗೆ ನೆನಪಾಯಿತು. ಊರಿಗೆಲ್ಲ ಓದಿಸಿದವನು ತಾನು ಓದಿದ್ದನೇ? ಓದಿದ್ದರೆ ಇಲ್ಲದ ಮಾತನ್ನು ಇದೆ ಎನ್ನುತ್ತಿದ್ದನೇ? ಅಳಬೇಕಾದ ಹೊತ್ತಿನಲ್ಲಿ ಇದೊಂದೇ ಅವಳ ತಲೆ ತಿನ್ನುತ್ತಿತ್ತು.

ಎಲ್ಲ ಮುಗಿಸಿ ಬಂದ ಮೇಲೆ ಮಾಮನಿಂದ ಅಂಗಡಿಯ ಬೀಗ ತೆಗೆಸಿದಳು. ಗಿರಣಿಯವರೂ ಹಿಂದೆಯೇ ಬಂದರು. ಪುಸ್ತಕ ಪೌಡರ್ ಡಬ್ಬಿಯ ಪಕ್ಕ ಇಟ್ಟಲ್ಲೇ ಇತ್ತು.

"ಅಪ್ಪ ಇದನ್ನ ಓದಿದ್ದು ನೀವು ನೋಡಿದ್ದೀರಾ ಮಾಮ?"

"ನನ್ನ ಮುಂದೆ ಮುಟ್ಟಿದ್ದೇ ಇಲ್ಲ. ನಾನು ಊಟಕ್ಕೆ ಹೋದಾಗ ಏನು ಮಾಡ್ತಿದ್ನೋ."

ಅವಳು ಅಪ್ಪನ ಕುರ್ಚಿಯಲ್ಲಿ ಕೂತು ಮೊದಲ ಹಾಳೆ ತಿರುವಿದಳು. ಸಂದಿಯಿಂದ ಚೂರು ಕೂದಲು ಉದುರಿತು, ಕರಿಯದು. ಮುಂದಿನ ಹಾಳೆಯಲ್ಲಿ ನರೆತದ್ದು. ಅದರ ಮುಂದೆ ಯಾವುದೋ ಮಗುವಿನ ಎಳೆಗೂದಲು.

"ಗಿರಾಕಿಗಳ ಕೂದಲು, ನಿಮ್ಮಪ್ಪನ ಕೈಗೆ ಅಂಟಿದ್ದು," ಎಂದ ಮಾಮ ಮೆಲ್ಲಗೆ.

"ಸಿಕ್ತಾ ಪುಟ?" ಗಿರಣಿಯವರು ಬಾಗಿಲಿಂದ ಕೇಳಿದರು.

"ತಡೀರಿ," ಎಂದಳು. ಆ ಮಾತು ಅಪ್ಪನದೇ ಎಂದು ಅವಳಿಗೆ ಹೊಳೆಯತೊಡಗಿತ್ತು. ಒಂದೊಂದೇ ಹಾಳೆ ತಿರುವುತ್ತ ಹೋದಳು. ಕೊನೆಯ ಹಾಳೆ ತಿರುವಿದಾಗಲೂ ಒಂದು ಚಿಟಿಕೆ ಕೂದಲು ಅವಳ ಮಡಿಲಿಗೆ ಬಿತ್ತು.