ಕುದುರೆಯ ಬಾಲ

ನನ್ನ ಮಾವನ ಹೆಸರನ್ನು ನಾನು ಹೇಳುವುದಿಲ್ಲ. ಸೊಸೆಯಾದವಳು ಗಂಡನ ಮನೆಯ ಹಿರಿಯರ ಹೆಸರೆತ್ತಿದರೆ ಹಲ್ಲು ಉದುರುತ್ತದೆ ಎಂದು ನನ್ನಮ್ಮ ಹೆದರಿಸಿದ್ದಳು. ಈಗ ಉಳಿದಿರುವುದೇ ಒಂಬತ್ತು, ಹಾಗಾಗಿ ಹುಷಾರಾಗಿದ್ದೇನೆ. ಮಾವ ತೊಂಬತ್ತಮೂರು ತುಂಬಿಸಿ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ನಾನು ಕೊಟ್ಟ, ನಮ್ಮ ಕಡೆಯ ಉಪ್ಪು ಹಾಕಿದ ಹಾಲುಚಹಾ ಕುಡಿದು, "ಉಪ್ಪು ಸಾಲದು" ಎಂದು ಗೊಣಗಿ ದಿಂಬಿಗೆ ಒರಗಿದವರು ಮತ್ತೆ ಏಳಲಿಲ್ಲ. ಉಪ್ಪು ಸರಿಯಾಗಿಯೇ ಇತ್ತು.

ಬಾರ್ಲಿ ಹೊಲದಲ್ಲಿ, ಕುದುರೆಗಳ ಕಾಲಡಿಯಲ್ಲಿ ಬೆಳೆದ ಜೀವ. ಹದಿನೆಂಟಕ್ಕೆ ಎರಡನೆಯ ಮಹಾಯುದ್ಧಕ್ಕೆ ಹೋದರು. ಅಲ್ಲಿಯೂ ಸಿಕ್ಕಿದ್ದು ಫಿರಂಗಿ ಎಳೆಯುವ ಕುದುರೆಗಳ ಚಾಕರಿಯೇ. ಹಿಂದಿರುಗಿ ಬಂದು ಅದೇ ಹೊಲ ಉತ್ತರು, ಏಳು ಮಕ್ಕಳನ್ನು ಸಾಕಿದರು. ಇಪ್ಪತ್ತಾರು ಮೊಮ್ಮಕ್ಕಳ ಪಾದದ ಅಳತೆ ಅವರಿಗೆ ಬಾಯಿಪಾಠವಾಗಿತ್ತು. ಪೇಟೆಗೆ ಹೋದರೆ ಎಲ್ಲರಿಗೂ ಸರಿಯಾದ ಬೂಟು ತರುತ್ತಿದ್ದರು. ಆದರೆ ಯಾರ ಹೆಸರು ಏನೆಂದು ಕೇಳಿದರೆ ಮಾತ್ರ ತಡವರಿಸುತ್ತಿದ್ದರು.

ಪ್ರತಿ ವರ್ಷ ಮೇ ತಿಂಗಳಲ್ಲಿ, ಆ ಯುದ್ಧ ಗೆದ್ದ ನೆನಪಿನ ವಿಜಯದ ದಿನ, ಪದಕಗಳನ್ನು ಝಣಝಣಿಸುತ್ತಾ ಶಾಲೆಗೆ ಹೋಗಿ, ಗುಂಡಿನ ಮಳೆಯಲ್ಲಿ ಡ್ನೀಪರ್ ನದಿಯಾಚೆ ಕುದುರೆಯನ್ನು ದಾಟಿಸಿದ ಕಥೆ ಹೇಳುತ್ತಿದ್ದರು. ಅದೇ ದಳದಲ್ಲಿದ್ದ ಪಕ್ಕದ ಮನೆಯ ಕಚ್ಕಿನ್ ಅಜ್ಜ ಹಿಂದಿನ ಬೆಂಚಿನಿಂದ ತಪ್ಪದೆ ಕೂಗುತ್ತಿದ್ದ: "ದಾಟಿಸಿದ್ದು ಕುದುರೆ. ಇವನು ಅದರ ಬಾಲ ಹಿಡ್ಕೊಂಡಿದ್ದ ಅಷ್ಟೇ."

ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ರೇಡಿಯೋದವನ ಜೊತೆಗೂ ಜಗಳಕ್ಕೆ ನಿಲ್ಲುತ್ತಿದ್ದ ನನ್ನ ಮಾವ ಇದಕ್ಕೆ ಮಾತ್ರ ಎಂದೂ ತುಟಿ ಬಿಚ್ಚಲಿಲ್ಲ.

ಹೋದ ವರ್ಷ ಹೊಲಕ್ಕೆ ನೀರು ಹಾಯಿಸುವ ಸರದಿಯ ವಿಷಯಕ್ಕೆ ಇಬ್ಬರಿಗೂ ಬೇಲಿಯ ಬಳಿ ಮಾತಿಗೆ ಮಾತು ಬೆಳೆಯಿತು.

"ನೀನು ಸತ್ತಾಗ ಮುಲ್ಲಾ ಕೇಳ್ತಾರಲ್ಲ, ಅವತ್ತು ನಾನು ಇರೋದನ್ನ ಇದ್ದ ಹಾಗೆ ಹೇಳ್ತೀನಿ ನೋಡು," ಎಂದ ಕಚ್ಕಿನ್.

"ಹೇಳಯ್ಯ. ಅಷ್ಟರೊಳಗೆ ನಿನ್ನ ಬಾಯಿ ಬಿದ್ದು ಹೋಗದಿದ್ರೆ," ಎಂದರು ಮಾವ.

ಹೆಣ ಎತ್ತುವ ಮುಂಚೆ ಮುಲ್ಲಾ ಸೇರಿದವರನ್ನು, "ಇವನು ಎಂಥ ಮನುಷ್ಯನಾಗಿದ್ದ?" ಎಂದು ಕೇಳುತ್ತಾರೆ. "ಒಳ್ಳೆಯವನಾಗಿದ್ದ" ಎಂದು ಎಲ್ಲರೂ ಒಕ್ಕೊರಲಿನಿಂದ ಹೇಳಬೇಕು. ಜಿಪುಣನಿಗೂ ಅದೇ ಉತ್ತರ, ಕುಡುಕನಿಗೂ ಅದೇ. ಸತ್ತವನು ಮೇಲಕ್ಕೆ ಒಯ್ಯುವ ಸಾಕ್ಷಿ ಅದೊಂದೇ. ಅದರಲ್ಲಿ ಒಂದು ಅಪಸ್ವರ ಬಂದರೂ ಸಾಕು, ಮೊಮ್ಮಕ್ಕಳ ಮದುವೆ ಮಾತುಕತೆಯವರೆಗೂ ಅದು ಬೆನ್ನು ಬಿಡುವುದಿಲ್ಲ.

ನನ್ನ ಗಂಡ ತೆಮಿರ್ಕುಲ್ ಬೇಲಿಯ ಬಳಿಯ ಆ ಮಾತನ್ನು ಮರೆತಿರಲಿಲ್ಲ. ಸಾವಿಗೆಂದು ಅಂಗಳದಲ್ಲಿ ಹಾಕಿದ್ದ, ಹೆಂಗಸರು ಕೂತು ಅಳುತ್ತಿದ್ದ ಕಂಬಳಿ ಡೇರೆಯ ಬಾಗಿಲಿಗೆ ಬಂದು, "ಅಮ್ಮಾ, ಕಚ್ಕಿನ್ ಅಜ್ಜನ್ನ ಏನಾದ್ರೂ ನೆಪ ಹೇಳಿ ಮೇಲಿನ ಹುಲ್ಲುಗಾವಲಿಗೆ ಕಳಿಸಿಬಿಡ್ಲಾ?" ಎಂದ.

ಡೇರೆಯ ಗೋಡೆಗೆ ಮುಖ ಮಾಡಿ ಹಾಡಿಕೊಂಡು ಅಳುತ್ತಿದ್ದ ಅತ್ತೆ ತಟ್ಟನೆ ನಿಲ್ಲಿಸಿದರು. "ಬೇಡ. ಅವನನ್ನ ಮುಂದಿನ ಸಾಲಲ್ಲೇ ನಿಲ್ಲಿಸ್ಬೇಕು. ನಿಮ್ಮಪ್ಪ ಹಾಗೇ ಹೇಳಿ ಹೋಗಿದಾರೆ," ಎಂದರು. ಬಿಟ್ಟ ಸಾಲಿನಿಂದಲೇ ಅಳು ಮುಂದುವರಿಸಿದರು.

ಮೂರನೆಯ ದಿನ, ಹೆಣ ಎತ್ತುವ ಹೊತ್ತಿಗೆ, ಕಚ್ಕಿನ್ ಕತ್ತೆ ಏರಿ ಬಂದ. ಎದೆಯ ಮೇಲೆ ತನ್ನ ಪದಕಗಳನ್ನೆಲ್ಲ ಚುಚ್ಚಿಕೊಂಡಿದ್ದ. ನಾನು ಡೇರೆಯ ಕಂಬಳಿಯ ಅಂಚನ್ನು ಎತ್ತಿ ಇಣುಕುತ್ತಿದ್ದೆ. ಮುಲ್ಲಾ ಕೇಳಿದರು. ಜನ ಬಾಯಿ ತೆರೆಯುವಷ್ಟರಲ್ಲಿ ಕಚ್ಕಿನ್ ಕೋಲೆತ್ತಿದ.

"ತಡೀರಿ. ನಾನು ಮೊದಲು."

ನನ್ನ ಗಂಡ ಕಣ್ಣು ಮುಚ್ಚಿಕೊಂಡ.

"ಎಸ್ತೆಬೆಸ್ ಕುದುರೆ ಬಾಲ ಹಿಡ್ಕೊಂಡೇ ನದಿ ದಾಟಿದ್ದು. ಅದು ಸುಳ್ಳಲ್ಲ. ಒಂದು ಕೈಲಿ ಬಾಲ," ಎಂದ ಕಚ್ಕಿನ್. ಮಾವನ ಹೆಸರೆತ್ತಿದ್ದು ಅವನು, ನಾನಲ್ಲ. "ಇನ್ನೊಂದು ಕೈಲಿ ನನ್ನ ಕಾಲರು. ನಂಗೆ ಈಜು ಬರ್ತಿರಲಿಲ್ಲ. ಆ ದಡ ಸೇರೋ ತನಕ ಅಮ್ಮಾ ಅಮ್ಮಾ ಅಂತ ಅತ್ತಿದ್ದೀನಿ. ಯಾರಿಗೂ ಹೇಳ್ಬೇಡ ಕಣೋ ಅಂತ ಕಾಲು ಹಿಡ್ದೆ. ಇವತ್ತಾದ್ರೂ ಬಾಯಿ ಬಿಡ್ತಾನಾ ನೋಡೋಣ ಅಂತ ವರ್ಷಾ ವರ್ಷಾ ಕೆಣಕ್ದೆ. ಎಪ್ಪತ್ತೈದು ವರ್ಷ ಆಯ್ತು. ಬಿಡ್ಲಿಲ್ಲ, ಕತ್ತೆ ನನ್ಮಗ."

ಮೂಗು ಒರೆಸಿಕೊಂಡು ಮುಲ್ಲಾನ ಕಡೆ ತಿರುಗಿದ. "ಒಳ್ಳೆಯವನಾಗಿದ್ದ. ಬರ್ಕೊಳ್ಳಿ."

ಬರೆದುಕೊಳ್ಳುವ ಪದ್ಧತಿಯೇನೂ ಇಲ್ಲ. ಊರೆಲ್ಲ "ಒಳ್ಳೆಯವನಾಗಿದ್ದ" ಎಂದಿತು. ನನಗೆ ಅಳು ತಡೆಯಲಾಗಲಿಲ್ಲ.

"ನಿಮಗೆ ಗೊತ್ತಿತ್ತಾ ಅತ್ತೆ?" ಎಂದು ಪಿಸುಗುಟ್ಟಿದೆ.

"ಮದುವೆಯಾದ ವಾರಕ್ಕೇ ಗೊತ್ತು. ಹೊಟ್ಟೇಲಿಟ್ಕೋ ಅಂದಿದ್ರು. ಏಳು ಮಕ್ಕಳನ್ನ ಹೆತ್ತೆ, ಇದೊಂದನ್ನ ಹೊರಗೆ ಬಿಡ್ಲಿಲ್ಲ."

ಮೂರು ವಾರಕ್ಕೆ ವಿಜಯದ ದಿನ ಬಂತು. ಮಕ್ಕಳಿಗೆ ಚಹಾ ಕಾಸಿಕೊಡಲು ನಾನು ಶಾಲೆಯಲ್ಲಿದ್ದೆ. ಈ ಸಲ ಕಥೆ ಹೇಳಲು ಎದ್ದು ನಿಂತವನು ಕಚ್ಕಿನ್. "ಗುಂಡಿನ ಮಳೆಯೊಳಗೆ ಎಸ್ತೆಬೆಸ್ ಕುದುರೇನ ದಾಟಿಸ್ದ..." ಎಂದು ಅಲ್ಲಿಗೆ ನಿಲ್ಲಿಸಿ ಹಿಂದಿನ ಬೆಂಚನ್ನು ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮತ್ತೊಮ್ಮೆ ಅದೇ ಮಾತು ಹೇಳಿದ. ಮತ್ತೆ ಅತ್ತಲೇ ನೋಡಿದ. ಮಕ್ಕಳು ಶಿಸ್ತಾಗಿ ಸುಮ್ಮನೆ ಕುಳಿತಿದ್ದವು.

ನಾನು ಚಹಾದ ಪಾತ್ರೆ ಕೆಳಗಿಟ್ಟು ಹಿಂದಿನ ಬೆಂಚಿಗೆ ಹೋಗಿ ಕೂತೆ.

"ದಾಟಿಸಿದ್ದು ಕುದುರೆ, ಅಜ್ಜ," ಎಂದೆ. "ಎಸ್ತೆಬೆಸ್ ಅದರ ಬಾಲ ಹಿಡ್ಕೊಂಡಿದ್ರು ಅಷ್ಟೇ."

ಕಚ್ಕಿನ್ ಅಜ್ಜ ಕಣ್ಣೊರೆಸಿಕೊಂಡು ಕಥೆ ಮುಂದುವರಿಸಿದ. ನಾನು ನಾಲಿಗೆಯಿಂದ ಹಲ್ಲುಗಳನ್ನು ಮುಟ್ಟಿ ನೋಡಿಕೊಂಡೆ. ಒಂಬತ್ತೂ ಇದ್ದವು.