ಭುವನಾಳ ಮದುವೆಯ ಬಂದೋಬಸ್ತು

ಮದುವೆ ಮನೆಯೆಂದರೆ ಒಬ್ಬರಿಗೆ ಹೂವಿನ ಚಿಂತೆ, ಇನ್ನೊಬ್ಬರಿಗೆ ಊಟದ ಚಿಂತೆ. ಕುಪ್ಪೇಲೂರಿನ ಕರಬಸಪ್ಪನ ಮನೆಯಲ್ಲಿ ಮಾತ್ರ ಎಲ್ಲರಿಗೂ ಕಾವಲಿನದೇ ಚಿಂತೆ. ಮದುಮಗಳು, ಅವನ ಮಗಳು ಭುವನಾಳಿಗೆ ಇನ್ನೂ ಹದಿನೈದು. ಸುಳಿವು ಸಿಕ್ಕರೆ ಅಧಿಕಾರಿಗಳ ಜೀಪು ಬಾಗಿಲಿಗೇ ಬರುತ್ತದೆ. ಅದಕ್ಕೇ ಕರಬಸಪ್ಪ ತಮ್ಮ ಮನೋಹರನನ್ನು ಕರೆಸಿಕೊಂಡಿದ್ದ. ರಾಣೇಬೆನ್ನೂರಿನ ಸಭೆ, ಸಮಾರಂಭಗಳಿಗೆ ಬಂದೋಬಸ್ತು ಮಾಡಿಕೊಡುವುದೇ ಮನೋಹರನ ಉದ್ಯೋಗ.

ಮನೋಹರ ಪಡಸಾಲೆಯಲ್ಲಿ ಅಣ್ಣ, ತಾಯಿಯ ಎದುರು ಕುಳಿತು ಹಾಳೆಯ ಮೇಲೆ ಗೆರೆ ಎಳೆದ. ಬಸ್ ನಿಲ್ದಾಣದಲ್ಲಿ ಕಾವಲಿಗೆ ಮೈಲಪ್ಪ, ಅಂಗನವಾಡಿಯ ಮುಂದೆ ಇಬ್ಬರು, ಹಿತ್ತಲ ಬಾಗಿಲಿಗೆ ಬೀಗ, ಹುಡುಗಿಯ ಮೊಬೈಲು ಅಜ್ಜಿಯ ಕೈಯಲ್ಲಿ. ಕೈ ತಾನಾಗಿ ಬರೆಯುತ್ತಿತ್ತು. ಮಗಳು ಅಂಜಲಿ ಹೋದ ಮೇಲೆ ಅವನಿಗೆ ಯಾವುದೂ ಮನಸ್ಸಿಗೆ ಇಳಿಯುತ್ತಿರಲಿಲ್ಲ. ಅವಳಿಗೂ ಹದಿನೈದಕ್ಕೇ ಮದುವೆ ಮಾಡಿದ್ದ. ಹದಿನಾರಕ್ಕೆ ಚೊಚ್ಚಲ ಹೆರಿಗೆಯಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮರುದಿನವೇ ಕೆಲಸಕ್ಕೆ ಹೋದ. ಜನ ಗಟ್ಟಿ ಮನುಷ್ಯ ಎಂದರು. ಗಟ್ಟಿ ಏನು ಬಂತು, ಪಾಪ! ಅಳು ಬರಲಿಲ್ಲ, ಅಷ್ಟೇ. ಎರಡು ವರ್ಷವಾದರೂ ಬಂದಿರಲಿಲ್ಲ.

“ಹತ್ತನೇ ಕ್ಲಾಸ್ ಮುಗೀಲಿ ಅಂತ ಶಾಲಿ ಅಕ್ಕೋರು ಹೇಳ್ಯಾರಂತಲ್ಲಬೇ,” ಎಂದ, ತಲೆ ಎತ್ತದೆ.

“ಅಕ್ಕೋರಿಗೇನ್ ಗೊತ್ತಾಕ್ಕೈತಿ?” ತಾಯಿ ಗದಿಗೆವ್ವ ಗದರಿದಳು. “ನಾ ಹದಿಮೂರಕ್ಕ ಈ ಮನಿಗೆ ಬಂದೇನಿ, ಸತ್ತೇನೇನು? ಬ್ಯಾಡಗಿ ಬೀಗರು ತಾವಾಗೇ ಹೆಣ್ಣು ಕೇಳ್ಯಾರ. ನಾ ಕಣ್ಣು ಮುಚ್ಚೂದ್ರಾಗ ಮೊಮ್ಮಗಳಿಗೆ ಅಕ್ಕಿಕಾಳು ಬೀಳಬೇಕು.”

“ಅಂಜಲಿ ಸತ್ಲಲ್ಲಬೇ.”

“ಅದು ಆಕಿ ಹಣೇಬರಾ.”

ಹೆತ್ತ ತಾಯಿ ಇಷ್ಟು ಸಲೀಸಾಗಿ ಆಡಿದ ಮಾತೂ ಅವನಿಗೆ ತಾಕಲಿಲ್ಲ. ಹಾಳೆಯ ಮೇಲೆ ಇನ್ನೊಂದು ಹೆಸರು ಬರೆದ.

ಚಹಾ ತಂದ ಭುವನಾ ಅಲ್ಲೇ ನಿಂತು ಹಾಳೆಯನ್ನು ನೋಡಿದಳು.

“ಕಾಕಾ, ಛತ್ರದಾಗ ಏನರ ಆದ್ರ ಮಂದಿ ಹೊರಗ ಹೋಗಾಕ ಅಂತ ಒಂದು ಬಾಗಲಾ ಇಟ್ಟಿರ್ತೀಯಲ್ಲ. ಇದ್ರಾಗ ನಂದು ಯಾವುದು?”

ಮನೋಹರ ಹಾಳೆಯಲ್ಲಿ ಹುಡುಕಿದ. ಅಂಥ ಬಾಗಿಲಿಲ್ಲದೆ ಇಪ್ಪತ್ತು ವರ್ಷಗಳಲ್ಲಿ ಅವನು ಯಾವ ಸಮಾರಂಭಕ್ಕೂ ಒಪ್ಪಿಗೆ ಕೊಟ್ಟವನಲ್ಲ. ಇಲ್ಲಿ ಒಂದೂ ಇರಲಿಲ್ಲ. ಅಂಜಲಿಯ ಮದುವೆಯಲ್ಲೂ ಇರಲಿಲ್ಲ. ಎದೆಯಲ್ಲಿ ನೋವು ಎದ್ದಿತು.

ಎಲ್ಲರೆದುರೇ ಮೊಬೈಲು ತೆಗೆದು ಮಕ್ಕಳ ಸಹಾಯವಾಣಿಗೆ ಕರೆ ಮಾಡಿದ.

“ಮನಿ ಮರ್ಯಾದಿ ಬೀದಿಗೆ ತರ್ತೀಯೇನೋ?” ಕರಬಸಪ್ಪ ಕೂಗಿಕೊಂಡು ಎದ್ದ.

ಮನೋಹರ ಹಾಳೆಯನ್ನು ಹತ್ತಿರ ಎಳೆದುಕೊಂಡ.

“ಸೋಮವಾರ ಕುಪ್ಪೇಲೂರಾಗ ಬಾಲ್ಯವಿವಾಹ ಐತ್ರಿ. ಹುಡುಗಿ ನಮ್ಮಣ್ಣನ ಮಗಳು. ಕಾವಲು ಹಾಕಿದಾವ ನಾನ. ಯಾರ‍್ಯಾರು ಎಲ್ಲೆಲ್ಲಿ ನಿಂತಿರ್ತಾರ ಹೇಳ್ತೇನಿ, ಬರಕೋರಿ.”