ಕತ್ತಿಯ ಬೆನ್ನು

ಕ್ಷೌರದಂಗಡಿಯಲ್ಲಿ ಕುರ್ಚಿ ಮೂರು, ಗಿರಾಕಿ ಒಬ್ಬನೇ. ಉಳಿದೆರಡು ಕುರ್ಚಿಗಳ ಮೇಲೆ ಹಳೆಯ ಪತ್ರಿಕೆಗಳು ಯಜಮಾನರಂತೆ ಒರಗಿ ಕೂತಿದ್ದವು. ಕ್ಷೌರಿಕನ ಬಲಗೈ ನಡುಗತೊಡಗಿ ಎರಡು ವರ್ಷವಾಗಿತ್ತು. ಮೊದಲು ಬಾಚಣಿಗೆ ಜಾರಿತು, ಆಮೇಲೆ ಯಾರದೋ ಕಿವಿಯ ಕೆಳಗೆ ಗೀರು ಬಿತ್ತು, ಆಮೇಲೆ ಗಿರಾಕಿಗಳೆಲ್ಲ ಬೀದಿಯ ಆಚೆ ಬದಿಯಲ್ಲಿ ನಡೆಯುವುದನ್ನು ರೂಢಿ ಮಾಡಿಕೊಂಡರು. ಅವರನ್ನು ಬೈದು ಏನು ಬಂತು? ಕುತ್ತಿಗೆ ಯಾರಿಗಾದರೂ ಒಂದೇ ಇರುವುದು. ಮಾತ್ರೆ ನುಂಗಿದರೆ ನಡುಕ ನಿಧಾನವಾಗಿ ಹೆಚ್ಚುತ್ತೆ, ನುಂಗದಿದ್ದರೆ ಬೇಗ ಹೆಚ್ಚುತ್ತೆ ಎಂದು ಹೇಳಿ ಡಾಕ್ಟರೂ ಕೈ ತೊಳೆದುಕೊಂಡಿದ್ದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರ ಒಬ್ಬ ತಪ್ಪದೆ ಬರುತ್ತಿದ್ದ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದು ನಿವೃತ್ತನಾದವನು. ಊಟಕ್ಕೆ ಕೂರುವಾಗಲೂ ‘ರೈಟ್’, ಎದ್ದು ಹೊರಡುವಾಗಲೂ ‘ರೈಟ್’ ಎನ್ನುವುದರಿಂದ ಎಲ್ಲರ ಬಾಯಲ್ಲೂ ಅವನು ರೈಟೇ ಆಗಿಬಿಟ್ಟಿದ್ದ. ಅವನೂ ಕ್ಷೌರಿಕನೂ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಒಂದೇ ಮೇಷ್ಟರ ಬೆತ್ತದ ರುಚಿ ನೋಡಿದವರು.

ರೈಟ್ ಬಂದರೆ ಒಂದು ಗಂಟೆಯ ವೈಭೋಗ. ಮುಖಕ್ಕೆ ಬಿಸಿನೀರಲ್ಲಿ ಹಿಂಡಿದ ಟವಲು, ಕುಂಚದಲ್ಲಿ ಏಳುವ ಸೋಪಿನ ನೊರೆ, ಆಮೇಲೆ ಅಪ್ಪನ ಕಾಲದ ಉದ್ದ ಕತ್ತಿಯನ್ನು ಚರ್ಮದ ಪಟ್ಟಿಗೆ ಚರ್ ಚರ್ ಎಂದು ಮಸೆಯುವ ಸದ್ದು. ಆ ಸದ್ದು ಕೇಳಿದರೆ ಅರ್ಧ ಗಡ್ಡ ತಾನೇ ಉದುರುತ್ತೆ ಎನ್ನುತ್ತಿದ್ದ ರೈಟ್. ಕಣ್ಣು ಮುಚ್ಚಿ, ಕುರಿಯನ್ನು ಮಡಿಲಲ್ಲಿಟ್ಟುಕೊಂಡು ಟಿಕೆಟ್ ಬೇಡವೆಂದು ವಾದಿಸಿದ ಮುದುಕಿಯ ಕತೆಯನ್ನು ಇನ್ನೂರನೇ ಸಲ ಹೇಳುತ್ತಿದ್ದ. ಹಾಡಿದ್ದೇ ಹಾಡುವ ಕಿಸಬಾಯಿ ದಾಸ! ಆದರೂ ಕ್ಷೌರಿಕನಿಗೆ ಇನ್ನೂರನೇ ಸಲವೂ ನಗು ಬರುತ್ತಿತ್ತು. ಮುಗಿದ ಮೇಲೆ ಬಾಗಿಲ ಬಿಸಿಲಿನಲ್ಲಿ ಕೂತು ಅರ್ಧರ್ಧ ಲೋಟ ಚಹಾ ಕುಡಿಯುವುದು. ವಾರದ ಉಳಿದ ಆರು ದಿನಗಳನ್ನು ಕ್ಷೌರಿಕ ಹೇಗೋ ತಳ್ಳುತ್ತಿದ್ದ.

ಒಂದು ಮಂಗಳವಾರ ಮಧ್ಯಾಹ್ನ ರೈಟನ ಹೆಂಡತಿ ಅಂಗಡಿಗೆ ಬಂದಳು. ಕೂರಲಿಲ್ಲ. ಚೀಲದಿಂದ ಅಂಗಿಯೊಂದನ್ನು ತೆಗೆದು ಕಾಲರು ತೋರಿಸಿದಳು. ಎಷ್ಟು ಒಗೆದರೂ ಹೋಗದ ಕಂದು ಕಲೆ.

“ಅಣ್ಣಾ, ಹೋದ ವಾರ ಗೀರಿದ್ದಕ್ಕೆ ರಕ್ತ ಸಂಜೆವರೆಗೂ ನಿಲ್ಲಲಿಲ್ಲ. ಇವರ ಹೃದಯಕ್ಕೆ ರಕ್ತ ತೆಳು ಮಾಡೋ ಮಾತ್ರೆ ಕೊಟ್ಟಿದ್ದಾರೆ. ಗಾಯ ಮಾಡ್ಕೊಂಡ್ರೆ ಜೀವಕ್ಕೇ ಕುತ್ತು ಅಂದಿದ್ದಾರೆ.”

ಕ್ಷೌರಿಕ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. “ನನಗೆ ಒಂದ್ಮಾತು ಹೇಳಲಿಲ್ವಲ್ಲ ತಂಗೀ, ಅವನು!”

“ಎಲ್ಲಿ ಹೇಳ್ತಾರೆ? ‘ನಾನೂ ಹೋಗ್ಲಿಲ್ಲ ಅಂದ್ರೆ ಅವನು ಅಂಗಡಿ ಮುಚ್ತಾನೆ, ಅಂಗಡಿ ಮುಚ್ಚಿದ ಮೇಲೆ ಅವನು ಹೆಚ್ಚು ದಿನ ಉಳಿಯಲ್ಲ’ ಅಂತಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ಅವರ ಮುಖಕ್ಕೆ ಕತ್ತಿ ತಾಗಿಸ್ಬೇಡಿ. ನಾನು ಬಂದಿದ್ದೆ ಅಂತಾನೂ ಹೇಳ್ಬೇಡಿ.”

ಅವಳು ಹೋದ ಮೇಲೆ ಅವನು ಗಿರಾಕಿಯ ಕುರ್ಚಿಯಲ್ಲಿ ತಾನೇ ಕುಸಿದು ಕೂತ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಕತ್ತಿ ಇಟ್ಟರೆ ಗೆಳೆಯನ ಜೀವ ಹೋದೀತು. ಇಡದಿದ್ದರೆ ಬುಧವಾರ ಹೋಗುತ್ತೆ, ಬುಧವಾರ ಹೋದರೆ ತನಗೆ ಇನ್ನೇನಿದೆ? ಹೆಂಡತಿ ತೀರಿಕೊಂಡ ಮನೆ, ಚಮಚವನ್ನೂ ನೆಟ್ಟಗೆ ಹಿಡಿಯದ ಕೈ.

ಮರುದಿನ ಬಾಗಿಲಲ್ಲೇ ತಡೆದು ನೋಡಿದ. “ಇವತ್ತು ಬೇಡ ಕಣೋ, ಕತ್ತಿ ಮೊಂಡಾಗಿದೆ.”

“ನಿನ್ನ ತಲೆಗಿಂತಲಾ? ಮಸೆ, ಮಸೆ.” ರೈಟ್ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಯೇಬಿಟ್ಟ.

ಕ್ಷೌರಿಕ ಟವಲು ಹಾಕಿದ. ನೊರೆ ಹಚ್ಚಿದ. ಸದ್ದಿಲ್ಲದಿದ್ದರೆ ಅವನಿಗೆ ಗೊತ್ತಾಗುತ್ತದೆಂದು ಕತ್ತಿಯನ್ನೂ ಚೆನ್ನಾಗಿ ಮಸೆದ. ಆಮೇಲೆ ಅದನ್ನು ತಿರುಗಿಸಿ, ಕತ್ತಿಯ ಬೆನ್ನಿನಿಂದ, ಹರಿತವಿಲ್ಲದ ದಪ್ಪ ಬದಿಯಿಂದ, ಕೆನ್ನೆಯ ನೊರೆಯನ್ನು ಮೆಲ್ಲಗೆ ಬಳಿದ. ನೊರೆ ಬಂತು, ಕೂದಲು ಎಲ್ಲಿದ್ದವೋ ಅಲ್ಲೇ ಉಳಿದವು. ನಲವತ್ತೈದು ವರ್ಷದ ಕಸುಬಿನಲ್ಲಿ ಮಾಡಿದ ಮೊದಲ ಮೋಸ. ನಾಚಿಕೆಯಿಂದ ಅವನಿಗೆ ಕನ್ನಡಿ ನೋಡಲಾಗಲಿಲ್ಲ.

ರೈಟ್ ಕಣ್ಣು ತೆರೆದ. ಗರಗರ ಎನ್ನುವ ಕೆನ್ನೆಯ ಮೇಲೆ ಅಂಗೈ ಆಡಿಸಿದ.

“ಆಹಾ, ನುಣ್ಣಗಾಯ್ತು ನೋಡು! ಒಂದು ಗೀರೂ ಇಲ್ಲ. ಚಹಾ ಹೇಳು.”

ಇವನ ಅಂಗೈಗೂ ವಯಸ್ಸಾಗಿದೆ, ಚರ್ಮ ಮರಗಟ್ಟಿದೆ ಎಂದು ಕ್ಷೌರಿಕ ಸಮಾಧಾನಪಟ್ಟುಕೊಂಡ. ನಂಬಬೇಕೆಂದು ಹಟ ಹಿಡಿದವನಿಗೆ ಏನು ಕೊಟ್ಟರೂ ಸಾಲುತ್ತದೆ.

ಬುಧವಾರಗಳು ಉರುಳಿದವು. ಪ್ರತಿ ವಾರ ಕ್ಷೌರ, ಪ್ರತಿ ವಾರ ಗಡ್ಡ ಉದ್ದ. ಬಿಳಿ ಗಡ್ಡ ಅಂಗಿಯ ಮೊದಲ ಗುಂಡಿ ಮುಟ್ಟಿತು. ಎದುರಿನ ಚಹಾದಂಗಡಿಯವನು ಕೇಳಿಯೇಬಿಟ್ಟ: “ಏನ್ರೀ, ಒಳಗೆ ಹೋಗಿ ಗಡ್ಡ ತೆಗೆಸ್ತೀರೋ, ಅದಕ್ಕೆ ನೀರು ಹಾಕಿಸ್ಕೊಂಡು ಬರ್ತೀರೋ?” “ನಿನಗ್ಯಾಕೋ? ಸಕ್ಕರೆ ಹಾಕು,” ಎಂದು ರೈಟ್ ಅವನ ಬಾಯಿ ಮುಚ್ಚಿಸಿದ. ಇಷ್ಟಾದ ಮೇಲೂ ಕ್ಷೌರಿಕ ಕಂಡೂ ಕಾಣದವನಂತೆ ಇದ್ದ. ಕೈ ಮಾತ್ರ ದಿನದಿನಕ್ಕೂ ಹದಗೆಡುತ್ತಿತ್ತು. ಈಗ ನೊರೆ ಕೆನ್ನೆಗಿಂತ ಕಿವಿಗೇ ಹೆಚ್ಚು ಬೀಳುತ್ತಿತ್ತು.

ಒಂದು ಬುಧವಾರ ಕುರಿಯ ಕತೆಗೆ ಹೊಸದೊಂದು ತುದಿ ಸೇರಿತು. “ಕೊನೇಗೆ ಕುರಿಗೆ ಟಿಕೆಟ್ ತಗೊಂಡ್ಳು ಕಣೋ. ತನಗೇ ತಗೊಳ್ಳಲಿಲ್ಲ!” ಕ್ಷೌರಿಕ ಹೊಟ್ಟೆ ಹಿಡಿದು ನಕ್ಕ. ನಗುತ್ತಲೇ ಕತ್ತಿ ಮಸೆದ, ನಗುತ್ತಲೇ ಗೆಳೆಯನ ಗಲ್ಲ ಎತ್ತಿದ. ನಲವತ್ತೈದು ವರ್ಷದ ಅಭ್ಯಾಸ ಬಲ, ಕತ್ತಿ ಗಂಟಲ ಹತ್ತಿರ ಹೋಯಿತು.

ಹೊದಿಕೆಯ ಕೆಳಗಿನಿಂದ ರೈಟನ ಕೈ ಮೇಲೆ ಬಂತು. ಅವನು ಕಣ್ಣು ತೆರೆಯಲಿಲ್ಲ. ಗೆಳೆಯನ ಮಣಿಕಟ್ಟನ್ನು ಮೆತ್ತಗೆ ಹಿಡಿದು ಕತ್ತಿಯನ್ನು ತಿರುಗಿಸಿದ. ಹರಿತ ಆಚೆಗೆ, ಬೆನ್ನು ಈಚೆಗೆ.

“ಈ ಬದಿ ಕಣೋ,” ಎಂದ. “ಹೂಂ, ರೈಟ್.”

ಕ್ಷೌರಿಕನಿಗೆ ಆಗ ಹೊಳೆಯಿತು. ಮೊದಲ ಬುಧವಾರದಿಂದಲೂ ಇವನಿಗೆ ಗೊತ್ತಿತ್ತು. ಇಂದು ಕೂದಲೆಳೆಯಲ್ಲಿ ತಪ್ಪಿತು. ಇನ್ನೊಂದು ವಾರ ತಪ್ಪದಿರಬಹುದು, ಅದೂ ಇವನಿಗೆ ಗೊತ್ತಿದೆ. ಗೊತ್ತಿದ್ದೂ ಬಂದು ಗಂಟಲು ಒಡ್ಡಿ ಕೂರುತ್ತಾನೆ. ಅಳು ಒತ್ತರಿಸಿ ಬಂತು, ಕಣ್ಣೀರು ಗೆಳೆಯನ ಹಣೆಯ ಮೇಲೇ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ, ಹಿಡಿದ ಮಣಿಕಟ್ಟನ್ನೂ ಬಿಡಲಿಲ್ಲ. ಎರಡು ಕೈಗಳೂ ಸೇರಿ ನಡುಗುತ್ತ ಗಡ್ಡದ ಮೇಲಿನ ನೊರೆಯನ್ನೆಲ್ಲ ಬಳಿದು ಮುಗಿಸಿದವು.

“ನುಣ್ಣಗಾಯ್ತಾ?” ಕ್ಷೌರಿಕ ಕೇಳಿದ.

ರೈಟ್ ತನ್ನ ಉದ್ದ ಗಡ್ಡವನ್ನು ಕನ್ನಡಿಯಲ್ಲಿ ನೋಡಿಕೊಂಡ. “ನುಣ್ಣಗಾಯ್ತು,” ಎಂದ.

ಇಬ್ಬರೂ ಬಾಗಿಲಿಗೆ ಹೋಗಿ ಚಹಾ ಹೇಳಿದರು. ಕ್ಷೌರಿಕನಿಗೆ ಈಗ ಲೋಟ ಹಿಡಿಯಲು ಬರುತ್ತಿರಲಿಲ್ಲವಾದ್ದರಿಂದ, ಅದನ್ನೂ ರೈಟೇ ಹಿಡಿದ.